ಹಳೆಯ ಬಿಳಿ ಚಹಾದಲ್ಲಿ ಹುಳಿ ಬರುತ್ತಿದೆ, ಮಾಡುವ ಕ್ರಮ ಸರಿಯಿಲ್ಲವೋ ಚಹಾನೇ ಸರಿಯಿಲ್ಲವೋ?

ಬಸವನಗುಡಿ_ಬಿಸಿನೀರು

ಎಲ್ಲರಿಗೂ ನಮಸ್ಕಾರ. ಗೆಳೆಯರೊಬ್ಬರು ಚೀನಾದಿಂದ ಬರುವಾಗ ಒಂದು ಬಿಲ್ಲೆ ಬಿಳಿ ಚಹಾ ತಂದುಕೊಟ್ಟಿದ್ದಾರೆ. ದುಂಡಗೆ ಒತ್ತಿದ್ದು, 350 ಗ್ರಾಂ. ಕಾಗದದ ಮೇಲೆ ಫೂಡಿಂಗ್ (ಚೀನಾದ ಊರು), ಶೋಮೇ (ಚಹಾದ ಬಗೆ), 2013 ಅಂತ ಬರೆದಿದೆ ಎಂದು ಅವರೇ ಓದಿ ಹೇಳಿದರು.

ನೀರನ್ನು 80 ಡಿಗ್ರಿಗೆ ಆರಿಸಿ, ಮೂರು ನಿಮಿಷ ನೆನೆಹಾಕಿ ಸೋಸಿದೆ. ಬಣ್ಣ ಚೆನ್ನಾಗಿಯೇ ಬಂತು, ಹೆಚ್ಚುಕಡಿಮೆ ಕಿತ್ತಳೆ. ರುಚಿ ಮಾತ್ರ ತೆಳು. ಒಣಹುಲ್ಲಿನ ವಾಸನೆ, ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಯಲ್ಲಿ ಸಣ್ಣಗೆ ಹುಳಿ. ಓದಿದ ಕಡೆಯಲ್ಲೆಲ್ಲ ಜೇನು, ಒಣಹಣ್ಣು, ಗಿಡಮೂಲಿಕೆ ಅಂತ ವರ್ಣನೆ. ನನಗೆ ಅದ್ಯಾವುದೂ ಸಿಗಲಿಲ್ಲ. ಇದನ್ನು ನಿಜವಾಗಿ ಕುಡಿಯುವವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಎಲೆ_ನೀರು

ಮೊದಲು ಆ 80 ಡಿಗ್ರಿ ಬಿಡಿ. ಅದು ಹಸಿರು ಚಹಾದ ಲೆಕ್ಕ. ಬಿಳಿ ಚಹಾದಲ್ಲೂ ಬರೀ ಮೊಗ್ಗಿನಿಂದ ಮಾಡಿದ ಹೊಸ ಯಿನ್‌ಜೆನ್ ಆದರೆ 85–90 ಅನ್ನುವವರಿದ್ದಾರೆ. ಶೋಮೇ ಅಂದರೆ ಬಲಿತ ಎಲೆ, ಜೊತೆಗೆ ಕಡ್ಡಿ. ಅದನ್ನು ಒತ್ತಿ ಬಿಲ್ಲೆ ಮಾಡಿ ವರ್ಷಗಟ್ಟಲೆ ಇಟ್ಟಿದ್ದಾರೆ. ಕುದಿಯುವ ನೀರು ಬೀಳದೆ ಅದು ಬಾಯಿ ಬಿಡುವುದಿಲ್ಲ.

ನಾನು ಮಾಡುವುದು ಹೀಗೆ. ಸುಮಾರು 110 ಮಿಲಿಯ ಗೈವಾನ್, ಅಂದರೆ ಮುಚ್ಚಳ ಇರುವ ಪಿಂಗಾಣಿ ಬಟ್ಟಲು. ಮೊದಲು ಬರೀ ಬಿಸಿನೀರು ಹಾಕಿ ಬಟ್ಟಲನ್ನು ಕಾಯಿಸಿ ಚೆಲ್ಲಿ. 5 ಗ್ರಾಂ ಎಲೆ ಹಾಕಿ, ಮುಚ್ಚಿ, ಒಂದೆರಡು ಸಲ ಕುಲುಕಿ, ಮುಚ್ಚಳ ಎತ್ತಿ ಮೂಸಿ. ಚಹಾ ಎಂಥದ್ದು ಅಂತ ಅಲ್ಲೇ ಅರ್ಧ ಗೊತ್ತಾಗುತ್ತದೆ. ಮೊದಲ ನೀರು ಎಲೆ ತೊಳೆಯುವುದಕ್ಕೆ, ಐದು ಸೆಕೆಂಡಿನಲ್ಲಿ ಬಸಿದು ಚೆಲ್ಲಿ. ಆಮೇಲೆ ಕುದಿಯುವ ನೀರು ಹಾಕಿ 10–15 ಸೆಕೆಂಡಿಗೆ ಬಸಿಯಿರಿ. ಮೂರು ನಿಮಿಷ ಅಲ್ಲ! ಹೀಗೆ ನಾಲ್ಕೈದು ಸಲ ಅದೇ ಹೊತ್ತು, ನಂತರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಒಳ್ಳೆ ಶೋಮೇ ಎಂಟು ಸಲಕ್ಕೂ ಸಪ್ಪೆಯಾಗುವುದಿಲ್ಲ. ಅಷ್ಟಾದ ಮೇಲೆ ಉಳಿದ ಎಲೆಯನ್ನು ಪಾತ್ರೆಗೆ ಹಾಕಿ ಅರ್ಧ ಲೀಟರ್ ನೀರಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ. ಸಿಹಿಯೆಲ್ಲ ಇರುವುದು ಆ ಕೊನೆಯ ಪಾತ್ರೆಯಲ್ಲಿ.

ಜಯನಗರ_4ನೇ_ಬ್ಲಾಕ್

ಒಂದು ಮಾತು. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಸಮುದ್ರಮಟ್ಟದವರು ಬರೆದ 100 ಡಿಗ್ರಿ ನಮಗೆ ಸಿಗುವುದೇ ಇಲ್ಲ. ಅದರಲ್ಲೂ ತಣ್ಣಗಿರುವ ಬಟ್ಟಲಿಗೆ ಸುರಿದರೆ ಇನ್ನೂ ಇಳಿಯುತ್ತದೆ. ಹಾಗಾಗಿ ಬಟ್ಟಲು ಕಾಯಿಸುವ ಕೆಲಸ ನಮಗೆ ಹೆಚ್ಚು ಮುಖ್ಯ.

ಕೊಡಗು_ಕಾಫಿತೋಟ

ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ನಾವು ನೇರವಾಗಿ ಒಲೆ ಮೇಲಿಟ್ಟು ಕುದಿಸುತ್ತೇವೆ, ಚೆನ್ನಾಗಿಯೇ ಬರುತ್ತದೆ.

ದಾವಣಗೆರೆ_ಮಂಡಕ್ಕಿ

ಹಾಲು ಸಕ್ಕರೆ ಹಾಕಿ ಕುದಿಸಿದರೆ ಹುಳಿ ಹೋಗಲ್ವಾ?

ಎಲೆ_ನೀರು

ಹಾಲು ಹಾಕಿದರೆ ಹುಳಿಯ ಜೊತೆ ಉಳಿದ ಪರಿಮಳವೂ ಮುಚ್ಚಿಹೋಗುತ್ತದೆ ಸರ್. ಹಾಲಿಗೆ ಅಸ್ಸಾಂ ಪುಡಿಯೇ ಸರಿ. ಈ ಚಹಾಕ್ಕೆ ಅಷ್ಟು ಕಸುವಿಲ್ಲ.

ಶೆಂಜೆನ್_ಕನ್ನಡಿಗ

ನೀರಿನ ಬಿಸಿ ಸರಿಮಾಡಿದರೆ ತೆಳು ರುಚಿ ಹೋಗುತ್ತದೆ, ಒಪ್ಪಿದೆ. ಆದರೆ ಹುಳಿ ಬೇರೆ ವಿಷಯ. ಅದನ್ನು ನೀರಿನ ಮೇಲೆ ಹಾಕಬೇಡಿ.

ಮೂಲ ಪೋಸ್ಟ್ ಹಾಕಿದವರಿಗೆ ಒಂದು ಪ್ರಶ್ನೆ. ಎಲೆಯನ್ನು ಬಿಲ್ಲೆಯ ಅಂಚಿನಿಂದ ತೆಗೆದಿರೋ ನಡುವಿನಿಂದಲೋ? ಬಿಲ್ಲೆಯನ್ನು ಅಡ್ಡಡ್ಡ ಮುರಿದು, ಒಳಗಿನ ಬಣ್ಣ ಹೊರಗಿನ ಬಣ್ಣ ಎರಡನ್ನೂ ಹಗಲಿನ ಬೆಳಕಲ್ಲಿ ನೋಡಿ ಹೇಳಿ. ನನಗೆ ಒಂದು ಅನುಮಾನ ಇದೆ, ನೋಡದೆ ಹೇಳುವುದಿಲ್ಲ.

ಹಿತ್ತಲ_ಗಿಡ

ಒಂದು ವರ್ಷಕ್ಕೆ ಚಹಾ, ಮೂರು ವರ್ಷಕ್ಕೆ ಔಷಧಿ, ಏಳು ವರ್ಷಕ್ಕೆ ನಿಧಿ ಅಂತ ಚೀನೀಯರ ಗಾದೆಯೇ ಇದೆಯಲ್ಲ. 2013ರದ್ದು ಅಂದರೆ ನಿಧಿಯ ಲೆಕ್ಕಕ್ಕೆ ಬಂತು. ಔಷಧಿ ಅಂದಮೇಲೆ ರುಚಿ ನೋಡುತ್ತಾ ಕೂರಬಾರದು. ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಹತೋಟಿಗೆ ಬರುತ್ತದಂತೆ, ದಿನಾ ಎರಡು ಲೋಟ ಕುಡಿಯಿರಿ.

ರಸಾಯನ_ಮೇಷ್ಟ್ರು

ಹಿತ್ತಲ ಗಿಡದವರೇ, ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟರೆ ಗತಿ ಏನು? ಆ ಗಾದೆಯನ್ನು ಅಂಗಡಿಯವರು ಗೋಡೆಗೆ ಹಾಕಿಕೊಳ್ಳುತ್ತಾರೆ. ಏಳು ವರ್ಷ ಇಟ್ಟ ಚಹಾ ಮಧುಮೇಹವನ್ನು ಹತೋಟಿಗೆ ತರುತ್ತದೆ ಅನ್ನುವುದಕ್ಕೆ ಅದು ಪುರಾವೆ ಅಲ್ಲ. ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡಬೇಕು.

ನಿಜಕ್ಕೂ ಆಗುವುದು ಇಷ್ಟು. ಬಿಳಿ ಚಹಾವನ್ನು ಕಿತ್ತು, ಬಾಡಿಸಿ, ಒಣಗಿಸುತ್ತಾರೆ, ಅಷ್ಟೇ. ಹಸಿರು ಚಹಾದಂತೆ ಬಾಣಲೆಯಲ್ಲಿ ಹುರಿದು ಎಲೆಯ ಕಿಣ್ವಗಳನ್ನು ಕೊಲ್ಲುವುದಿಲ್ಲ, ಉಜ್ಜಿ ಸುರುಳಿ ಮಾಡುವುದೂ ಇಲ್ಲ. ಬಾಡಿಸುವುದಕ್ಕೇ ಎರಡು ಮೂರು ದಿನ ಹಿಡಿಯುತ್ತದೆ. ಆಮೇಲೆ ಇಟ್ಟಷ್ಟೂ ಎಲೆ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ. ಒಗರು ಕೊಡುವ ಕ್ಯಾಟೆಚಿನ್‌ಗಳು ಇಳಿಯುತ್ತವೆ. ತಾಜಾತನದ ರುಚಿ ಕೊಡುವ ಥಿಯನಿನ್ ಕೂಡ ಇಳಿಯುತ್ತದೆ. ಇವೆರಡೂ ಸೇರಿ ಹುಟ್ಟುವ ಹೊಸ ಸಂಯುಕ್ತಗಳು ವರ್ಷ ಕಳೆದಂತೆ ಹೆಚ್ಚುತ್ತವೆ. ಚಹಾದ ವಯಸ್ಸು ಅಳೆಯಲು ಅವನ್ನೇ ಗುರುತಾಗಿ ಬಳಸಬಹುದು ಅಂತ ಚೀನಾದ ಸಂಶೋಧಕರು ಹೇಳಿದ್ದಾರೆ. ಹಸಿ ಹುಲ್ಲಿನ ವಾಸನೆ ಹೋಗಿ ಒಣಹಣ್ಣು, ಮರ, ಬೇರಿನಂಥ ವಾಸನೆ ಬರುತ್ತದೆ. ಹಳೆಯದಾದರೆ ಕೆಫೀನ್ ಹೋಗುತ್ತದೆ ಅನ್ನುವುದೂ ಸುಳ್ಳು, ಅದು ಬಹುಮಟ್ಟಿಗೆ ಹಾಗೇ ಇರುತ್ತದೆ. ರಾತ್ರಿ ಕುಡಿದು ನಿದ್ದೆ ಬರಲಿಲ್ಲ ಅನ್ನಬೇಡಿ.

ಹಿತ್ತಲ_ಗಿಡ

ಮಾತ್ರೆ ಬಿಡಿ ಅಂತ ನಾನು ಹೇಳಲಿಲ್ಲ ಮೇಷ್ಟ್ರೇ. ಆದರೆ ಫೂಡಿಂಗ್ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಜ್ವರ ಬಂದರೆ ಹಳೆಯ ಬಿಳಿ ಚಹಾ ಕುದಿಸಿ ಕೊಡುವ ರೂಢಿ ಇತ್ತು ಅಂತ ಅಲ್ಲಿಯವರೇ ಹೇಳುತ್ತಾರೆ. ಅದನ್ನೂ ತಳ್ಳಿಹಾಕುತ್ತೀರಾ?

ರಸಾಯನ_ಮೇಷ್ಟ್ರು

ರೂಢಿ ಇತ್ತು ಅನ್ನುವುದನ್ನು ತಳ್ಳಿಹಾಕುವುದಿಲ್ಲ. ನಮ್ಮಲ್ಲೂ ಜ್ವರಕ್ಕೆ ಕಷಾಯ ಕೊಡುತ್ತಾರೆ. ಬಿಸಿನೀರು ಒಳಗೆ ಹೋದರೆ ಹಾಯೆನಿಸುತ್ತದೆ. ಬಿಪಿ, ಸಕ್ಕರೆ ಅಂತ ಬರೆದಿರಲ್ಲ, ನನ್ನ ತಕರಾರು ಅದಕ್ಕೆ.

ಪುಅರ್_ಪ್ರಿಯ

ಮೇಷ್ಟ್ರು ಒಂದು ಬಿಟ್ಟರು. ಚೀನಾದ ಹುದುಗಿಸಿದ ಚಹಾ ಪು-ಅರ್‌ನಂತೆ ಇದರಲ್ಲೂ ಸೂಕ್ಷ್ಮಜೀವಿಗಳೇ ಹುದುಗಿಸುವುದು. ಅದಕ್ಕೆ ಸ್ವಲ್ಪ ತೇವ ಇರುವ ಜಾಗದಲ್ಲಿ ಗಾಳಿಯಾಡಲು ಬಿಡಬೇಕು.

ಶೆಂಜೆನ್_ಕನ್ನಡಿಗ

ಇದನ್ನು ಮಾತ್ರ ಒಪ್ಪುವುದಿಲ್ಲ. ಪು-ಅರ್ ಇಡುವ ಹಾಗೆ ಬಿಳಿ ಚಹಾ ಇಟ್ಟು ಹಾಳುಮಾಡಿಕೊಂಡವರನ್ನು ಇಲ್ಲಿ ನೋಡುತ್ತಲೇ ಇರುತ್ತೇನೆ. ಮಾಗಿಸಿದ ಪು-ಅರ್‌ನಲ್ಲಿ ಸೂಕ್ಷ್ಮಜೀವಿಗಳ ಕೆಲಸ ದೊಡ್ಡದು, ಸರಿ. ಬಿಳಿ ಚಹಾ ಹೆಚ್ಚಾಗಿ ಒಣಗಿದ್ದಂತೆಯೇ ನಿಧಾನಕ್ಕೆ ಮಾಗಬೇಕು. ಚೀನಾದ ಮಾನದಂಡದ ಪ್ರಕಾರ ಅದರ ತೇವ ಶೇಕಡಾ 8.5 ಮೀರಬಾರದು. ನಾನಿರುವ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ದಕ್ಷಿಣದ ತೇವಗಾಳಿ ಬೀಸಿದರೆ ಮನೆಯ ಗೋಡೆ, ನೆಲ ಎಲ್ಲ ಬೆವರುತ್ತದೆ. ಆ ದಿನಗಳಲ್ಲಿ ಚಹಾದವರು ಚೀಲದ ಬಾಯಿ ಬಿಚ್ಚುವುದೇ ಇಲ್ಲ.

ಸಿಂಗಾಪುರ_ಅಕ್ಕ

ಮೊದಲು ಹಾಂಗ್‌ಕಾಂಗ್‌ನಲ್ಲಿದ್ದೆವು. ಅಲ್ಲಿ ಬೆಳಿಗ್ಗೆ ಡಿಮ್‌ಸಮ್ (ಆವಿಯಲ್ಲಿ ಬೇಯಿಸಿದ ಕಡುಬಿನಂಥ ಸಣ್ಣ ತಿಂಡಿಗಳು) ತಿನ್ನಲು ಹೋದರೆ, ಕೂತ ತಕ್ಷಣ ಯಾವ ಚಹಾ ಅಂತ ಕೇಳುತ್ತಾರೆ. ಪು-ಅರ್, ತಿಯೆಗ್ವಾನ್‌ಯಿನ್, ಮಲ್ಲಿಗೆ ಚಹಾ, ಶೋಮೇ. ವಯಸ್ಸಾದವರು ಶೋಮೇ ಹೇಳುವುದನ್ನು ತುಂಬ ನೋಡಿದ್ದೇನೆ. ಯಾರೂ ಸೆಕೆಂಡ್ ಎಣಿಸುವುದಿಲ್ಲ. ದೊಡ್ಡ ಕೆಟಲ್‌ಗೆ ಹಿಡಿ ಎಲೆ, ಮೇಲೆ ಕುದಿಯುವ ನೀರು. ಖಾಲಿಯಾದರೆ ಮುಚ್ಚಳ ಓರೆ ಇಟ್ಟರೆ ಸಾಕು, ಬಂದು ನೀರು ತುಂಬಿಸುತ್ತಾರೆ. ಬಡವರ ಚಹಾ ಅದು. ಈಗ ಅದಕ್ಕೇ ನಿಧಿಯ ಬೆಲೆ ಕಟ್ಟುತ್ತಿದ್ದಾರೆ.

ನಾನು ಮನೆಯಲ್ಲಿ ಕುದಿಸುವುದೇ ಜಾಸ್ತಿ. 600 ಮಿಲಿ ನೀರಿಗೆ 4 ಗ್ರಾಂ, ಬೀಜ ತೆಗೆದ ಚೀನೀ ಕೆಂಪು ಖರ್ಜೂರ ಎರಡು, ಒಣಗಿದ ಕಿತ್ತಳೆ ಸಿಪ್ಪೆ ಒಂದು ಚೂರು. ಮಳೆ ಬರುವಾಗ ಇದಕ್ಕಿಂತ ಬೇರೆ ಬೇಡ.

ಎಲೆ_ನೀರು

ಅಕ್ಕ, ಖರ್ಜೂರ ಹಾಕಿದ ಮೇಲೆ ಚಹಾದ ಸಿಹಿ ಯಾವುದು, ಖರ್ಜೂರದ ಸಿಹಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಒಳ್ಳೆ ಹಳೆ ಶೋಮೇಯಲ್ಲಿ ಆ ವಾಸನೆ ತಾನಾಗಿಯೇ ಇರುತ್ತದೆ. ಅದನ್ನು ಹೊರಗಿನಿಂದ ಹಾಕುವುದು ಯಾಕೆ?

ಸಿಂಗಾಪುರ_ಅಕ್ಕ

ಗೊತ್ತಾಗಲೇಬೇಕು ಅಂತ ಏನಿದೆಯಪ್ಪ? ಪರೀಕ್ಷೆಗೆ ಕುಡಿಯುವಾಗ ಬರೀ ಎಲೆ. ಮನೆಮಂದಿ ಕೂತು ಕುಡಿಯುವಾಗ ಸಿಪ್ಪೆ, ಖರ್ಜೂರ. ಎರಡಕ್ಕೂ ಜಾಗ ಇದೆ.

ಧಾರವಾಡ_ಪೇಢಾ

ಆ ಕೆಂಪು ಖರ್ಜೂರ ಅಂದರೆ ನಮ್ಮ ಬಾರಿಹಣ್ಣಿನ ಸಂಬಂಧಿ ರೀ. ಒಣಗಿದ ಬಾರಿಹಣ್ಣಿನ ಡಬ್ಬಿ ತೆರೆದಾಗ ಬರುವ ವಾಸನೆ ಗೊತ್ತಿದ್ದರೆ ಈ ಚಹಾದ ವಾಸನೆಯೂ ಗೊತ್ತಾಯಿತು. ಬೆಂಗಳೂರಿನವರು ಎಲಚಿ, ಬೋರೆ ಅನ್ನುತ್ತೀರಲ್ಲ, ಅದೇ.

ನಾನು ಆಫೀಸಿಗೆ ಫ್ಲಾಸ್ಕಲ್ಲಿ ಒಯ್ಯುತ್ತೇನೆ. ಅರ್ಧ ಲೀಟರ್ ಫ್ಲಾಸ್ಕಿಗೆ 2 ಗ್ರಾಂ, ಮೂರಕ್ಕಿಂತ ಹೆಚ್ಚು ಬೇಡ. ಕುದಿಯುವ ನೀರು ಹಾಕಿ ಬಿಗಿಯಾಗಿ ಮುಚ್ಚಿ, ಒಂದು ಗಂಟೆ ಬಿಟ್ಟು ತೆರೆಯಿರಿ. ಹಸಿರು ಚಹಾ ಹೀಗೆ ಮಾಡಿದರೆ ಕಹಿಯಾಗಿ ಬಾಯಿಗಿಡಲು ಆಗುವುದಿಲ್ಲ. ಇದು ಗಟ್ಟಿಯಾಗುತ್ತದೆ, ಕಹಿಯಾಗುವುದಿಲ್ಲ. ವಯಸ್ಸಿನ ನಿಜವಾದ ಲಾಭ ನನಗೆ ಕಂಡಿದ್ದು ಇದರಲ್ಲೇ. ಹೊಸ ಹುಣಸೆಗೂ ಹಳೆ ಹುಣಸೆಗೂ ಇರುವ ಫರಕು ಇದು.

ಬಸವನಗುಡಿ_ಬಿಸಿನೀರು

ಎಲ್ಲರಿಗೂ ಧನ್ಯವಾದ. ಬಿಲ್ಲೆಯ ಅಂಚಿನಿಂದ 5 ಗ್ರಾಂ ಬಿಡಿಸಿ, ಬಟ್ಟಲು ಕಾಯಿಸಿ, ಕುದಿಯುವ ನೀರಲ್ಲಿ ಮಾಡಿದೆ. ಬೇರೆಯೇ ಚಹಾ ಇದು! ಮುಚ್ಚಳದಲ್ಲಿ ಜೋನಿಬೆಲ್ಲದ ವಾಸನೆ. ನಾಲ್ಕನೇ ಸಲಕ್ಕೆ ಗಂಟಲಲ್ಲಿ ಸಿಹಿ ನಿಂತಿತು, ಹುಳಿ ಇಲ್ಲವೇ ಇಲ್ಲ.

ಆಮೇಲೆ ಶೆಂಜೆನ್‌ನವರು ಹೇಳಿದಂತೆ ಬಿಲ್ಲೆ ಮುರಿದೆ. ಅಂಚಿನಲ್ಲಿ ಎಲೆ ಕಂದು, ಬೂದು, ಅಲ್ಲಲ್ಲಿ ಕಡುಹಸಿರು, ಎಲ್ಲ ಬೆರೆತಿದೆ. ಹಿಂಬದಿಯಲ್ಲಿ ಗುಳಿ ಇದೆಯಲ್ಲ, ಅದರ ಸುತ್ತ ಎರಡು ಬೆರಳಗಲ ಎಲ್ಲ ಒಂದೇ ಕಪ್ಪು. ಎಲೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿವೆ. ಮೂಸಿದರೆ ಹುಳಿ, ಸ್ವಲ್ಪ ಸುಟ್ಟ ವಾಸನೆ. ಮೊದಲ ಸಲ ಎಲೆ ತೆಗೆದದ್ದು ಆ ಗುಳಿಯಿಂದಲೇ.

ಶೆಂಜೆನ್_ಕನ್ನಡಿಗ

ಅನುಮಾನ ಸರಿಯಾಯಿತು. ಇದು ನಡು ಕೆಟ್ಟ ಬಿಲ್ಲೆ.

ಹೇಗಾಗುತ್ತದೆ ಅಂದರೆ, ಬಿಡಿ ಎಲೆಯನ್ನು ಆವಿಯಲ್ಲಿ ಮೆತ್ತಗೆ ಮಾಡಿ, ಬಟ್ಟೆಯಲ್ಲಿ ಸುತ್ತಿ, ಒತ್ತುತ್ತಾರೆ. ಬಟ್ಟೆಯ ಗಂಟು ಬಿದ್ದ ಜಾಗದಲ್ಲೇ ಆ ಗುಳಿ ಆಗುವುದು. ಬಿಲ್ಲೆ ತುಂಬ ಬಿಗಿಯಾದರೆ, ಅಥವಾ ಅವಸರದಲ್ಲಿ ಒಣಗಿಸಿದರೆ, ಹೊರಗೆ ಗರಿಗರಿ, ನಡುವೆ ಮಾತ್ರ ಹಸಿ. ಆ ಹಸಿ ಅಲ್ಲೇ ಕೂತು ಒಳಗಿಂದ ಕೊಳೆಸುತ್ತದೆ. ಕಪ್ಪಾಗುತ್ತದೆ, ಹುಳಿಯಾಗುತ್ತದೆ. ಎಷ್ಟು ವರ್ಷ ಇಟ್ಟರೂ ಆ ಭಾಗ ಸರಿಹೋಗುವುದಿಲ್ಲ.

ಕಪ್ಪು ಭಾಗವನ್ನು ಪೂರ್ತಿ ಬಿಡಿಸಿ ಬಿಸಾಡಿ, ಉಳಿಸಲು ನೋಡಬೇಡಿ. ಬಿಳಿ, ಹಳದಿ ಬೂಷ್ಟು ಕಂಡರೆ ಇಡೀ ಬಿಲ್ಲೆಯನ್ನೇ ಬಿಸಾಡಿ. ಬೂಷ್ಟು ಇಲ್ಲದಿದ್ದರೆ ಅಂಚಿನ ಎಲೆಯನ್ನು ಸೂಜಿಯಿಂದ ಪದರ ಪದರವಾಗಿ ಬಿಡಿಸಿ, ಒಣ ದಿನ ನೋಡಿ ಕಾಗದದ ಮೇಲೆ ನೆರಳಲ್ಲಿ ಹರವಿ, ಆಮೇಲೆ ಡಬ್ಬಿಗೆ ತುಂಬಿ. ಚಾಕು ಹಾಕಿ ಕತ್ತರಿಸಬೇಡಿ, ಎಲೆ ಪುಡಿಯಾದರೆ ಒಗರು ಬರುತ್ತದೆ.

ಜಯನಗರ_4ನೇ_ಬ್ಲಾಕ್

ಅಂದರೆ 2013 ಅನ್ನುವುದೂ ಸುಳ್ಳಾ?

ಶೆಂಜೆನ್_ಕನ್ನಡಿಗ

ಹಾಗೆ ಹೇಳಲು ಬರುವುದಿಲ್ಲ. ನಿಜವಾದ ಹಳೆ ಎಲೆಯನ್ನೂ ಕೆಟ್ಟದಾಗಿ ಒತ್ತಬಹುದು. ಆದರೆ ಕಾಗದದ ಮೇಲಿನ ವರ್ಷವನ್ನು ಮಾತ್ರ ನೋಡಿ ದುಡ್ಡು ಕೊಡಬೇಡಿ. ಎಲೆ ಕಿತ್ತ ವರ್ಷ ಬೇರೆ, ಒತ್ತಿದ ವರ್ಷ ಬೇರೆ, ಎರಡನ್ನೂ ಕೇಳಿ.

ಬಿಳಿ ಚಹಾ ಬಹುಕಾಲ ರಫ್ತಿನ ಮಾಲು. ಚೀನಾದ ಒಳಗೆ ಅದನ್ನು ಇಟ್ಟು ಮಾಗಿಸುವ ಗೀಳು ಜೋರಾಗಿದ್ದು ಈ ಹದಿನೈದು ಇಪ್ಪತ್ತು ವರ್ಷಗಳಲ್ಲಿ. ಒತ್ತಿದ ಬಿಳಿ ಚಹಾಕ್ಕೆ ರಾಷ್ಟ್ರೀಯ ಮಾನದಂಡ ಬಂದಿದ್ದೇ 2015ರಲ್ಲಿ. ಹಾಗಾಗಿ 1990ರ ಬಿಲ್ಲೆ, 30 ವರ್ಷದ್ದು ಅಂತ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಸುಮ್ನೆ ನಮಸ್ಕಾರ ಹೇಳಿ ಬನ್ನಿ. ಅಷ್ಟು ಹಳೆಯ ಎಲೆ ಇಲ್ಲವೇ ಇಲ್ಲ ಅಂತಲ್ಲ, ಬೀದಿಯ ಅಂಗಡಿಗಳಲ್ಲಿ ರಾಶಿ ಬೀಳುವಷ್ಟು ಇಲ್ಲ.

ನಕಲಿ ಮಾಡುವವರು ಎಲೆಗೆ ನೀರು ಹಾಕಿ ರಾಶಿ ಮಾಡಿ ಬಿಸಿಗೆ ಕೆಂಪಾಗಿಸುತ್ತಾರೆ. ಅದರ ಗುರುತು, ಎಲ್ಲ ಎಲೆಯೂ ಒಂದೇ ಬಣ್ಣ. ತಾನಾಗಿ ಮಾಗಿದ್ದರಲ್ಲಿ ನಿಮ್ಮ ಬಿಲ್ಲೆಯ ಅಂಚಿನಂತೆ ಹತ್ತು ಬಣ್ಣ ಇರುತ್ತದೆ. ನೆನೆದ ಮೇಲೆ ಎಲೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಳ್ಳೆಯದು ಮೆತ್ತಗೆ ಅರಳುತ್ತದೆ, ನರಗಳು ಕಾಣುತ್ತವೆ. ರಾಶಿ ಹಾಕಿದ್ದು ಮುದುಡಿ ಕಪ್ಪಗೆ ಉಳಿಯುತ್ತದೆ, ಇಲ್ಲವೇ ಕೈಯಲ್ಲಿ ಕರಗುತ್ತದೆ. ಹಳೆಯ ಚಹಾದ ರಸ ಗಾಢವಾಗಿದ್ದರೂ ತಿಳಿಯಾಗಿರಬೇಕು. ಕದಡಿದ್ದರೆ ಬೇಡ.

ಪುಅರ್_ಪ್ರಿಯ

ಗಾಢ ಬಣ್ಣ ಬಂದ ಮಾತ್ರಕ್ಕೆ ನಕಲಿ ಅನ್ನುವುದೂ ಕಷ್ಟ. ಫೂಡಿಂಗ್‌ನಲ್ಲೇ 1968ರ ಸುಮಾರಿಗೆ ಹಾಂಗ್‌ಕಾಂಗ್ ಮಾರುಕಟ್ಟೆಗಾಗಿ ಹೊಸ ಬಗೆಯ ಬಿಳಿ ಚಹಾ ಶುರುಮಾಡಿದರು. ಬಾಡಿಸಿದ ಮೇಲೆ ಹಗುರಾಗಿ ಉಜ್ಜುತ್ತಾರೆ. ಅದು ಹೊಸದಿದ್ದಾಗಲೇ ಬಣ್ಣ ಬಿಡುತ್ತದೆ. ಅದನ್ನೇ ಹಳೆಯದು ಅಂತ ಮಾರುವವರೂ ಇದ್ದಾರೆ. ಚೀನಾದ ಯುನ್ನಾನ್ ಪ್ರಾಂತ್ಯದ ಬಿಳಿ ಚಹಾ ಕೂಡ ಬೇಗ ಕೆಂಪಾಗುತ್ತದೆ, ಅದರ ಎಲೆಯ ಜಾತಿಯೇ ಬೇರೆ.

ಶೆಂಜೆನ್_ಕನ್ನಡಿಗ

ಈ ಮಾತು ನೂರಕ್ಕೆ ನೂರು ಸರಿ.

ಕೊಡಗು_ಕಾಫಿತೋಟ

ಅಲ್ಲಿಂದ ತರಿಸುವ ಬದಲು ನೀಲಗಿರಿಯ ಬಿಳಿ ಚಹಾ ಇಟ್ಟು ಹಳೆಯದು ಮಾಡಬಾರದಾ? ಪಕ್ಕದಲ್ಲೇ ಸಿಗುತ್ತದೆ.

ಎಲೆ_ನೀರು

ಇಟ್ಟಿದ್ದೇನೆ. ನೀಲಗಿರಿಯಲ್ಲಿ ಬಿಳಿ ಚಹಾ ಅಂತ ಹೆಚ್ಚು ಸಿಗುವುದು ಮೊಗ್ಗಿನ ಚಹಾ. ಮೊಗ್ಗು ಹಳೆಯದಾದರೆ ಹೂವಿನ ವಾಸನೆ ಹೋಗಿ ತಿಳಿಜೇನಿನ ಕಡೆಗೆ ತಿರುಗುತ್ತದೆ, ಚೆನ್ನಾಗಿದೆ. ಆದರೆ ಬಾರಿಹಣ್ಣಿನ ಆ ಗಟ್ಟಿ ಸಿಹಿ ಬರಲಿಲ್ಲ. ಅದು ಬಲಿತ ಎಲೆ, ಕಡ್ಡಿಯಿಂದ ಬರುವಂಥದ್ದು. ಯಾರಾದರೂ ತೋಟದವರು ಶರತ್ಕಾಲದ ಬಲಿತ ಎಲೆಯನ್ನು ಬರೀ ಬಾಡಿಸಿ ಒಣಗಿಸಿ ಕೊಟ್ಟರೆ ಮೊದಲ ಗಿರಾಕಿ ನಾನೇ.

ಕರಾವಳಿ_ಮಳೆ

ನಾನು ಮಂಗಳೂರು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಪ್ಪಳವೇ ಮೆತ್ತಗಾಗುತ್ತದೆ. ಇಂಥ ಊರಲ್ಲಿ ಬಿಳಿ ಚಹಾ ಇಡುವುದು ಸಾಧ್ಯವಾ? ಫ್ರಿಜ್‌ನಲ್ಲಿಡಲಾ?

ಶೆಂಜೆನ್_ಕನ್ನಡಿಗ

ಮೇಡಂ, ಫೂಡಿಂಗ್ ಇರುವುದೇ ಸಮುದ್ರದ ಪಕ್ಕ. ಅಲ್ಲೂ ಮಳೆ, ತೇವ, ಚಂಡಮಾರುತ ಎಲ್ಲ ಇದೆ. ಅಲ್ಲಿಯವರು ಮೂರು ಪದರ ಮಾಡುತ್ತಾರೆ. ಒಳಗೆ ಅಲ್ಯೂಮಿನಿಯಂ ಹಾಳೆಯ ಚೀಲ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ರಟ್ಟಿನ ಪೆಟ್ಟಿಗೆ. ಪ್ರತಿ ಪದರವನ್ನೂ ಗಾಳಿ ಹಿಂಡಿ ಕಟ್ಟುತ್ತಾರೆ. ನೆಲಕ್ಕೆ, ಗೋಡೆಗೆ ತಾಗದಂತೆ ಎತ್ತರದಲ್ಲಿಡಿ. ದಿನಾ ಕುಡಿಯಲು ಬೇಕಾದಷ್ಟನ್ನು ಬೇರೆ ಸಣ್ಣ ಡಬ್ಬಿಯಲ್ಲಿಟ್ಟುಕೊಳ್ಳಿ. ಫ್ರಿಜ್ ಬೇಡ. ತಣ್ಣಗಿದ್ದರೆ ಮಾಗುವುದು ನಿಧಾನವಾಗುತ್ತದೆ, ಹೊರತೆಗೆದಾಗ ಬೆವರೊಡೆಯುವ ಅಪಾಯ ಬೇರೆ.

ಸಿಂಗಾಪುರ_ಅಕ್ಕ

ಅಡುಗೆಮನೆಯ ಮಸಾಲೆ ಡಬ್ಬಿಗಳ ಹತ್ತಿರ ಬೇಡ, ದೇವರಮನೆ ಹತ್ತಿರವೂ ಬೇಡ. ಊದುಬತ್ತಿ, ಕರ್ಪೂರದ ವಾಸನೆಯನ್ನು ಚಹಾ ಹೀರಿಬಿಡುತ್ತದೆ.

ಪಾವಗಡ_ಬಿಸಿಲು

ತಡವಾಗಿ ಓದಿದೆ. ಬಲಿತ ಎಲೆ ಅಂತ ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಎಚ್ಚರಿಕೆ. ಚಹಾ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ. ಮೊಗ್ಗಿಗಿಂತ ಬಲಿತ ಎಲೆಯಲ್ಲಿ ಅದು ಜಾಸ್ತಿ. ಟಿಬೆಟ್ ಕಡೆ ಒರಟು ಎಲೆಯ ಇಟ್ಟಿಗೆ ಚಹಾ ದಿನವಿಡೀ ಕುಡಿಯುವವರಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ, ಕಂಡುಬಂದಿದೆ. ನಮ್ಮ ಪಾವಗಡ, ಕೋಲಾರದ ಕೊಳವೆಬಾವಿ ನೀರಿನಲ್ಲಿ ಮೊದಲೇ ಫ್ಲೋರೈಡ್ ಇದೆ. ಆ ನೀರಲ್ಲಿ ಶೋಮೇ ಕುದಿಸಿ ಲೀಟರ್‌ಗಟ್ಟಲೆ ಕುಡಿಯಬೇಡಿ.

ಧಾರವಾಡ_ಪೇಢಾ

ಹಾಗಾದರೆ ಆರ್‌ಒ ನೀರು ಬಳಸಿದರೆ ಆಯಿತಲ್ಲ?

ರಸಾಯನ_ಮೇಷ್ಟ್ರು

ಆರ್‌ಒ ಫ್ಲೋರೈಡನ್ನು ಬಹಳಷ್ಟು ತೆಗೆಯುತ್ತದೆ, ಜೊತೆಗೆ ಉಳಿದ ಲವಣಗಳನ್ನೂ ತೆಗೆಯುತ್ತದೆ. ಅಷ್ಟು ಖಾಲಿ ನೀರಲ್ಲಿ ಚಹಾ ಚಪ್ಪೆಯಾಗುತ್ತದೆ. ಗಡಸು ಕೊಳವೆಬಾವಿ ನೀರಾದರೆ ಮೇಲೆ ಕೆನೆಯಂತೆ ಪೊರೆ ಕಟ್ಟುತ್ತದೆ, ಪರಿಮಳ ಸಾಯುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವವರು ಅದನ್ನೇ ಸೋಸಿ ಬಳಸಿ. ಪಾವಗಡದ ಕಡೆಯವರು ಆರ್‌ಒ ಬಿಡಲೇಬೇಡಿ, ರುಚಿ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ಕರಾವಳಿ_ಮಳೆ

ನಮ್ಮದು ತೆರೆದ ಬಾವಿಯ ನೀರು, ತುಂಬ ಮೆದು. ಬೇಳೆ ಒಂದೇ ಕುದಿಗೆ ಬೇಯುತ್ತದೆ. ಅದು ಆಗಬಹುದಾ?

ಎಲೆ_ನೀರು

ಅದಕ್ಕಿಂತ ಒಳ್ಳೆಯದು ಬೇಕಾ ಮೇಡಂ? ಚೆನ್ನಾಗಿ ಕುದಿಸಿ ಬಳಸಿ. ಪೆಟ್ಟಿಗೆ ಮಾತ್ರ ಮಳೆಗಾಲ ಮುಗಿದ ಮೇಲೆ ಬಿಚ್ಚಿ.